ಬಲಗಿವಿಗೆ ಮೂರನೇ ಸಲ

ರಾಯದುರ್ಗ
11 ಜೂನ್ 2023

ಅಮ್ಮ,

ನಾನು ಚೆನ್ನಾಗಿದ್ದೇನೆ. ನೀನು ನಂಬುವುದಿಲ್ಲ ಅಂತ ಗೊತ್ತು. ಆದರೂ ಕಾಗದ ಅಂದ ಮೇಲೆ ಮೊದಲು ಅದನ್ನೇ ಬರೆಯಬೇಕಲ್ಲ, ಬರೆದಿದ್ದೇನೆ.

ಕಾಗದ ಯಾಕೆ ಅಂತ ಕೇಳಬೇಡ. ದಿನಾ ಅಪ್ಪನ ಫೋನಿನಿಂದ ನನ್ನ ಪಕ್ಕದ ಮಿಷನ್ನಿನ ಸುಂಕಮ್ಮಕ್ಕನಿಗೆ ಮಾಡುತ್ತೀಯ. ನೀನು ಅರ್ಧ ಗಂಟೆ ಮಾತಾಡಿದ್ದನ್ನು ಅವಳು ನನಗೆ ಎರಡು ಸನ್ನೆಯಲ್ಲಿ ಮುಗಿಸುತ್ತಾಳೆ. ಒಂದು ಸನ್ನೆ ಅಳುವುದು, ಇನ್ನೊಂದು ಬೈಯುವುದು. ಮೊಬೈಲಿನಲ್ಲಿ ಬರೆದು ಕಳಿಸಿದರೆ ಅದು ಅಪ್ಪನ ಜೇಬಿಗೆ ಹೋಗುತ್ತದೆ. ಅಪ್ಪ ಅದನ್ನು ಅಂಗಡಿ ಕಟ್ಟೆಯ ಮೇಲೆ ಯಾರ ಕೈಯಲ್ಲೋ ಗಟ್ಟಿಯಾಗಿ ಓದಿಸುತ್ತಾನೆ. ನೀನು ಏಳನೇ ತರಗತಿವರೆಗೆ ಕನ್ನಡ ಶಾಲೆಗೆ ಹೋದವಳು. ಅದು ಈಗಲಾದರೂ ಉಪಯೋಗಕ್ಕೆ ಬರಲಿ.

ಆದದ್ದು ಇಷ್ಟು. ಮಧ್ಯಾಹ್ನ ಊಟದ ನಂತರ ಗಾರ್ಮೆಂಟ್ಸಿನಲ್ಲಿ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಕೂರಿಸುತ್ತಿದ್ದೆ. ಬಲಗೆನ್ನೆ ಒಂದು ಸಲ ಸೆಳೆಯಿತು, ಕಿವಿಯಲ್ಲಿ ಚಟಚಟ ಅಂದಿತು, ಆಮೇಲೆ ಏನೂ ಇಲ್ಲ. ಕಿವಿಯ ಯಂತ್ರದ ಬ್ಯಾಟರಿ ಬದಲಾಯಿಸಿದೆ, ತಂತಿ ಬದಲಾಯಿಸಿದೆ. ಸುಂಕಮ್ಮಕ್ಕ ಜೊತೆಗೆ ಬೆಂಗಳೂರಿಗೆ ಬಂದಳು. ಅಲ್ಲಿಯ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಹೊರಗೆ ಕಿವಿಗೆ ಸಿಕ್ಕಿಸುವ ಭಾಗ ಸರಿಯಾಗಿದೆ. ಚರ್ಮದ ಕೆಳಗೆ ಮೂಳೆಯಲ್ಲಿ ಕೂರಿಸಿದ ಬಿಲ್ಲೆ, ಅದರಿಂದ ಒಳಗಿವಿಯ ಸುರುಳಿಗೆ ಹೋಗುವ ತಂತಿ, ಇವೆರಡೂ ಸತ್ತಿವೆ. ಹನ್ನೆರಡು ವರ್ಷ ಬಾಳಿತು, ಸಾಕು ಅಂದರು.

ನೀನು ಬಂದು ಮನೆಯಲ್ಲಿ ಸಾವಾದ ಹಾಗೆ ಅತ್ತು ಹೋದೆ. ನಾನು ಅಳಲಿಲ್ಲ ಅಂತ ನಿನಗೆ ಇನ್ನೂ ಕೋಪ. ಅಮ್ಮ, ಇಲ್ಲಿ ಮೂವತ್ತು ಮಿಷನ್ನು ಒಟ್ಟಿಗೆ ಓಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅರ್ಧ ಕಿವುಡರೇ. ದಾರದ ಉಂಡೆ ಬೇಕಾದರೂ ಸನ್ನೆ, ನೀರು ಬೇಕಾದರೂ ಸನ್ನೆ. ನಾನು ಹೋದಲ್ಲೆಲ್ಲ ಜನರ ಭಾಷೆ ಕಲಿಯಬೇಕಿತ್ತು, ಇಲ್ಲಿ ಜನರೇ ನನ್ನ ಭಾಷೆ ಕಲಿತಿದ್ದಾರೆ. ಕೆಲಸಕ್ಕೂ ಊಟಕ್ಕೂ ತೊಂದರೆ ಇಲ್ಲ.

ಇನ್ನೊಂದು ಆಪರೇಷನ್ ಮಾಡಿಸೋಣ ಅಂತ ನೀನು ಹೋಗುವಾಗ ತುಟಿ ಆಡಿಸಿದ್ದು ನನಗೆ ಕಂಡಿತು. ಕಾಣದ ಹಾಗೆ ನಿಂತೆ. ಈಗ ಬರೆದು ಹೇಳುತ್ತೇನೆ. ಮೂರನೇ ಸಲ ನಾನು ತಲೆ ಕೊಡುವುದಿಲ್ಲ.

ಅಪ್ಪನಿಗೆ ಕೇಳಿದೆ ಅಂತ ಹೇಳು.

ನಿನ್ನ ಮಗಳು
ಸುಜಾತಾ

•

ರೊಳ್ಳ
27 ಜೂನ್ 2023

ಸುಜಾತಾ,

ನಿನ್ನ ಕಾಗದ ತಲುಪಿತು. ಹುಳು ಪೊರೆ ಬಿಡಲು ಮೂರನೇ ಜ್ವರಕ್ಕೆ ಕೂತಿವೆ. ಸೊಪ್ಪು ಹಾಕುವ ಹಾಗಿಲ್ಲ, ಅದಕ್ಕೆ ಇವತ್ತು ಬರೆಯಲು ಪುರಸತ್ತು. ರೇಷ್ಮೆ ಹುಳ ಹೇಳಿದ ಹೊತ್ತಿಗೆ ತಿನ್ನುತ್ತದೆ, ಹೇಳಿದ ಹೊತ್ತಿಗೆ ಮಲಗುತ್ತದೆ. ಹೆತ್ತ ಮಗಳಿಗೆ ಅಷ್ಟು ಗುಣವೂ ಇಲ್ಲ.

ಕಿವಿ ಹೋಯಿತು ಅಂದರೆ ಚಪ್ಪಲಿ ಹೋಯಿತು ಅಂದಂತೆ ಬರೆದಿದ್ದೀಯ. ಆ ಕಿವಿಗೆ ನಾನು ಪಟ್ಟ ಪಾಡು ನಿನಗೆ ಗೊತ್ತೇ? ನಿನಗೆ ಮೂರು ವರ್ಷ, ಸೊಂಟದ ಮೇಲೆ ಕೂರಿಸಿಕೊಂಡು ಮಡಕಶಿರಾಕ್ಕೆ, ಅನಂತಪುರಕ್ಕೆ, ಬೆಂಗಳೂರಿಗೆ ಅಲೆದೆ. ಯಾವ ಆಫೀಸಿಗೆ ಹೋದರೂ ಇನ್ನೊಂದು ಸಹಿ ಬೇಕು ಅಂತ ಅಟ್ಟಿದರು. ಆಪರೇಷನ್ ಆದ ಮೇಲೆ ದಿನಾ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಅ ಅನ್ನು, ಅಮ್ಮ ಅನ್ನು ಅಂತ ಗಂಟಲು ಹರಿದುಕೊಂಡೆ. ನಿಮ್ಮ ಅಪ್ಪನ ಕಡೆಯವರು ಹುಚ್ಚು ಹಿಡಿದಿದೆ ಅಂದರು. ನೀನು ಅಮ್ಮ ಅಂದ ದಿನ ಆ ಬಾಯಿಗಳೆಲ್ಲ ಮುಚ್ಚಿದವು.

ಅವತ್ತಿನಿಂದ ಈ ಮಂಡಲದ ಹಳ್ಳಿಗಳಲ್ಲಿ ಕಿವಿ ಕೇಳದ ಮಗು ಹುಟ್ಟಿದರೆ ಆಶಾ ಕಾರ್ಯಕರ್ತೆ ಮೊದಲು ನನ್ನ ಹತ್ತಿರವೇ ಕರೆತರುತ್ತಾಳೆ. ನಿನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಹಿಂದೆ ನಿಂತು ಹೆಸರು ಕರೆಯುತ್ತಿದ್ದೆ. ನೀನು ತಿರುಗುತ್ತಿದ್ದೆ. ಬಂದವರು ಅಲ್ಲೇ ಕಣ್ಣೊರೆಸಿಕೊಂಡು ಆಸ್ಪತ್ರೆಗೆ ಹೊರಡುತ್ತಿದ್ದರು. ನನ್ನ ಮಾತಿನ ಮೇಲೆ ಹೋದ ಮಕ್ಕಳು ಇವತ್ತು ಶಾಲೆಯಲ್ಲಿ ಪಾಠ ಕೇಳುತ್ತಿವೆ.

ಈಗ ಕೆಳಗಿನ ಬೀದಿಯ ಆದಿಲಕ್ಷ್ಮಿ ಇದ್ದಾಳಲ್ಲ, ಅವಳ ಮಗ ಈಶ್ವರನಿಗೆ ಎರಡು ವರ್ಷ. ಹುಟ್ಟಾ ಕಿವುಡು. ಆಪರೇಷನ್ನಿಗೆ ನಾನು ಒಪ್ಪಿಸಿ ಇಟ್ಟಿದ್ದೆ. ನಿನ್ನದು ನಿಂತುಹೋಯಿತು ಅಂತ ಸುದ್ದಿ ಬಂದ ಮರುದಿನವೇ ಬಂದು ಬಾಗಿಲಲ್ಲಿ ನಿಂತಳು. "ಉಜ್ಜಿನಮ್ಮಕ್ಕಾ, ನಿನ್ ಮಗ್ಳುದೇ ಕೆಟ್ಟೋಯ್ತಂತೆ. ನನ್ ಕೂಸಿನ್ ತಲೆ ಯಾಕೆ ಕೊಯ್ಸನ?" ಅಂದಳು. ನನ್ನ ಮಗಳು ಇನ್ನೊಂದು ಹಾಕಿಸಿಕೊಳ್ಳುತ್ತಾಳೆ, ಮೊದಲಿಗಿಂತ ಚೆನ್ನಾಗಿ ಕೇಳುತ್ತಾಳೆ, ನೋಡುವೆಯಂತೆ ಅಂದೆ.

ಬೆಂಗಳೂರಿನ ಒಂದು ಟ್ರಸ್ಟಿನವರು ಖರ್ಚು ಕೊಡಲು ಒಪ್ಪಿದ್ದಾರೆ. ದುಡ್ಡಿನ ನೆಪ ಹೇಳಬೇಡ.

ಅಮ್ಮ

•

ರಾಯದುರ್ಗ
23 ಜುಲೈ 2023

ಅಮ್ಮ,

ನನ್ನನ್ನು ಗೋಡೆ ಕಡೆ ಕೂರಿಸಿ ತೋರಿಸುತ್ತಿದ್ದದ್ದನ್ನು ನೀನೇ ನೆನಪು ಮಾಡಿದ್ದು ಒಳ್ಳೆಯದಾಯಿತು. ತಿರುಗಿದರೆ ಚಕ್ಕುಲಿ ಕೊಡುತ್ತಿದ್ದೆ. ಎಷ್ಟು ಜನ ಬಂದರೋ ಅಷ್ಟು ಚಕ್ಕುಲಿ ತಿಂದಿದ್ದೇನೆ.

ಆದರೆ ಅದರ ನಡುವೆ ಒಂದು ವರ್ಷ ನೀನು ಯಾರಿಗೂ ತೋರಿಸಲಿಲ್ಲ. ಆ ವರ್ಷದ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಬರೆಯುವುದರಲ್ಲಿ ಒಂದು ಅನುಕೂಲ ಇದೆ, ನೀನು ನಡುವೆ ಎದ್ದು ಹೋಗಲು ಆಗುವುದಿಲ್ಲ.

ಮಗಳಿಗೆ ಕಿವಿ ಬಂದರೆ ಮುಡಿ ಕೊಡಿಸುತ್ತೇನೆ ಅಂತ ಮನೆದೇವರಿಗೆ ಹರಕೆ ಹೊತ್ತಿದ್ದೆ. ಕಿವಿ ಬಂತು. ನನಗೆ ಆರು ತುಂಬುತ್ತಿದ್ದಾಗ ಹರಕೆ ತೀರಿಸಲು ಹೋದೆವು. ತಲೆ ಬೋಳಿಸುವಾಗ ಕ್ಷೌರದ ನರಸಪ್ಪ ಕಿವಿಯ ಹಿಂದಿನ ಉಬ್ಬಿನ ಹತ್ತಿರ ಕತ್ತಿ ನಿಲ್ಲಿಸಿ ನಿನ್ನನ್ನು ಕೇಳಿದನಂತೆ. "ಅಮ್ಮೋ, ಇಷ್ಟು ಜಾಗ ಬಿಟ್ಬುಡ್ಲಾ?" ನೀನು ಏನಂದೆ? "ಒಂದ್ ಕೂದ್ಲೂ ಉಳೀಬಾರ್ದು. ದೇವ್ರಿಗೆ ಬಾಕಿ ಮಡಿಕ್ಕಂಡು ಬದುಕಾಕಾಗಲ್ಲ." ಅಪ್ಪ ಹೇಳಿದ್ದು ಇದು. ನೀನು ಮಾತ್ರ ಅಪ್ಪನ ಹತ್ತಿರ ನರಸಪ್ಪ ಕುಡಿದು ಬಂದಿದ್ದ ಅನ್ನುತ್ತೀಯಂತೆ.

ಚರ್ಮ ತೆಳ್ಳಗಿತ್ತು, ಕೊಯ್ದಿತು. ನೀನು ಅರಿಶಿನ ಮೆತ್ತಿದೆ. ಕೀವಾಯಿತು. ಕೀವು ಬಿಲ್ಲೆಗೆ ಹತ್ತಿ, ಬಿಲ್ಲೆಯನ್ನೂ ತಂತಿಯನ್ನೂ ಕಿತ್ತು ತೆಗೆದರು. ಎರಡನೆಯದು ಮಂಜೂರಾಗಿ ಬರುವ ಹೊತ್ತಿಗೆ ಒಳಗಿವಿಯ ಸುರುಳಿಯಲ್ಲಿ ಗಾಯ ಮಾಗಿ ಗಟ್ಟಿ ಕಟ್ಟಿತ್ತು. ತಂತಿ ಅರ್ಧ ದಾರಿಗೆ ನಿಂತಿತು. ಒಳಗೆ ಹೋದ ಭಾಗದಲ್ಲೂ ಕರೆಂಟು ಹರಿಯುವ ಕೆಲವು ಬಿಂದುಗಳನ್ನು ಆರಿಸಿಬಿಟ್ಟರು, ಹಚ್ಚಿದರೆ ಕೆನ್ನೆ ಸೆಳೆಯುತ್ತಿತ್ತು.

ನಿನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳುತ್ತೇನೆ. ಮೊದಲನೇ ಯಂತ್ರದಲ್ಲಿ ಕೇಳಿದ ನಿನ್ನ ದನಿ ನನಗೆ ನೆನಪಿದೆ. ದಪ್ಪ ದನಿ, ಸ್ವಲ್ಪ ಒಡೆದದ್ದು, ಹೆಸರಿನ ಕೊನೆಯಲ್ಲಿ ಮೇಲಕ್ಕೆ ಹೋಗುತ್ತಿತ್ತು. ಎರಡನೆಯದು ಹಚ್ಚಿದ ದಿನ ನೀನು ಕರೆದೆ, ಯಾರೋ ತಗಡು ಕೆರೆದ ಹಾಗೆ ಕೇಳಿಸಿತು. ನಿನ್ನ ತುಟಿ ಅಲ್ಲಾಡುತ್ತಿತ್ತು, ದನಿ ನಿನ್ನದಲ್ಲ. ಹೆದರಿ ಅತ್ತೆ. ನೀನು ಸಂತೋಷಕ್ಕೆ ಅಳುತ್ತಿದ್ದೇನೆ ಅಂತ ತಿಳಿದು ಎಲ್ಲರಿಗೂ ಸಕ್ಕರೆ ಹಂಚಿದೆ. ಹನ್ನೆರಡು ವರ್ಷ ಆ ತಗಡನ್ನೇ ಅಮ್ಮ ಅಂತ ಒಪ್ಪಿಕೊಂಡಿದ್ದೆ.

ಆದಿಲಕ್ಷ್ಮಿಗೆ ಹೇಳು, ಎರಡು ವರ್ಷದ ಮಗುವಿಗೆ ಮಾಡಿಸುವುದು ಸರಿ, ಬೇಗ ಮಾಡಿಸಿದಷ್ಟೂ ಒಳ್ಳೆಯದು ಅಂತ. ಅದಕ್ಕೆ ನನ್ನ ತಲೆ ಸಾಕ್ಷಿಗೆ ಬೇಕಾಗಿಲ್ಲ.

ಸುಜಾತಾ

•

ರೊಳ್ಳ
19 ಆಗಸ್ಟ್ 2023

ಸುಜಾತಾ,

ಮೂರು ವಾರ ಬರೆಯಲಿಲ್ಲ. ಮುಂದಿನ ಬೆಳೆಯ ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಟ್ಟೆವು, ಗೂಡು ಬಿಡಿಸಿದೆವು. ಕೆಲಸ ಮುಗಿದ ಮೇಲೂ ಒಂದು ವಾರ ಬರೆಯಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಕೈಗೆ ಪೆನ್ನು ಹಿಡಿಯುವ ಮನಸ್ಸಾಗಲಿಲ್ಲ.

ಹರಕೆ ತಪ್ಪಾ? ದೇವರು ಕೊಟ್ಟ, ನಾನು ತೀರಿಸಿದೆ. ಆ ಜಾಗಕ್ಕೆ ಏಟು ಬೀಳಬಾರದು ಅಂತ ಆಸ್ಪತ್ರೆಯವರು ಹೇಳಿದ್ದರು. ನಾನು ಕಲ್ಲು, ಬಾಗಿಲು, ಮಕ್ಕಳ ಆಟ ಎಲ್ಲ ಕಾಯ್ದೆ. ಕೂದಲು ತೆಗೆಯುವುದು ಏಟಾ? ನಮ್ಮಲ್ಲಿ ಯಾವ ಮಗುವಿನ ತಲೆ ಬೋಳಿಸಿಲ್ಲ? ನಿಮ್ಮ ಅಪ್ಪ ಅವತ್ತು ಅಲ್ಲೇ ಬೀಡಿ ಸೇದುತ್ತ ಕೂತಿದ್ದ. ಅವನಿಗೆ ಬಾಯಿ ಇರಲಿಲ್ಲವಾ? ಹದಿಮೂರು ವರ್ಷ ಆದ ಮೇಲೆ ಮಗಳ ಹತ್ತಿರ ಬಾಯಿ ಬಂದಿದೆ.

ತಗಡು ಅಂದೆ. ನಾನು ಒಂದು ಸಲ ಓದಿ ಮಡಿಸಿಟ್ಟೆ, ಮತ್ತೆ ತೆಗೆಯಲಿಲ್ಲ.

ಡಾಕ್ಟರನ್ನು ನೋಡಿ ಬಂದೆ. ಎಡಗಿವಿ ಹುಟ್ಟಿದಾಗಿನಿಂದ ಏನೂ ಕೇಳಿಲ್ಲ, ಈ ವಯಸ್ಸಿನಲ್ಲಿ ಅದಕ್ಕೆ ಹಾಕಿದರೆ ಪ್ರಯೋಜನ ಇಲ್ಲವಂತೆ. ಬಲಗಿವಿಗೇ ಮಾಡಬೇಕು. ಗಟ್ಟಿ ಕಟ್ಟಿದ್ದನ್ನು ಕೊರೆದು ತಂತಿಯನ್ನು ಒಳಗಿನ ತನಕ ಕಳಿಸಲು ನೋಡುತ್ತಾರಂತೆ. ಪೂರ್ತಿ ಹೋದರೆ ಮೊದಲನೇ ಸಲ ಕೇಳಿದ ಹಾಗೆ ಕೇಳಬಹುದು ಅಂತ ನಾನು ಕೇಳಿದ್ದಕ್ಕೆ ಅವರು ಇಲ್ಲ ಅನ್ನಲಿಲ್ಲ.

ಸುಜಾತಾ, ನಾನು ಜಂಬಕ್ಕೆ ಮಾಡುತ್ತೇನೆ ಅಂತ ನೀನು ತಿಳಿದಿದ್ದೀಯ. ಜಂಬ ಇದೆ, ಯಾಕೆ ಇರಬಾರದು? ನನಗೆ ಬೇರೆ ಏನು ಇದೆ ಹೇಳಿಕೊಳ್ಳಲು? ಆದರೆ ಮನೆಯಲ್ಲಿ ಒಬ್ಬಳೇ ಇದ್ದಾಗ ಒಮ್ಮೊಮ್ಮೆ ನಿನ್ನ ಹೆಸರು ಕರೆದುಬಿಡುತ್ತೇನೆ. ನೀನು ಊರಲ್ಲೇ ಇಲ್ಲ, ಇದ್ದರೂ ಕೇಳುವುದಿಲ್ಲ. ಅದು ಏನು ಅಂತ ನಿನಗೆ ಮಕ್ಕಳಾದ ಮೇಲೆ ತಿಳಿಯುತ್ತದೆ.

ಆದಿಲಕ್ಷ್ಮಿ ನಿನಗಾಗುವುದನ್ನು ನೋಡಿಯೇ ಮುಂದಕ್ಕೆ ಹೋಗುವುದು ಅಂತ ಹಟ ಹಿಡಿದಿದ್ದಾಳೆ. ಮಗುವಿಗೆ ವಯಸ್ಸು ಮೀರುತ್ತಿದೆ. ನಿನಗೆ ಬಿಟ್ಟದ್ದು.

ಅಮ್ಮ

•

ರಾಯದುರ್ಗ
10 ಸೆಪ್ಟೆಂಬರ್ 2023

ಅಮ್ಮ,

ಬರುತ್ತೇನೆ.

ನಿನ್ನ ಅಳುವಿಗಲ್ಲ, ಆದಿಲಕ್ಷ್ಮಿಯ ಹಟಕ್ಕೂ ಅಲ್ಲ. ಮೊದಲನೇ ಸಲ ಕೇಳಿದ ಹಾಗೆ ಅಂತ ಬರೆದೆಯಲ್ಲ, ಆ ಒಂದು ಸಾಲಿಗೆ. ಆ ದಪ್ಪ ದನಿ ಇನ್ನೊಮ್ಮೆ ಕೇಳುವ ಆಸೆ ನನಗೂ ಇದೆ. ಸುಂಕಮ್ಮಕ್ಕನಿಗೆ ಹೇಳಿದರೆ ಅವಳು ಪೆನ್ನು ಕಿತ್ತುಕೊಂಡು, "ಆಸಿ ಇದ್ರ ಹೋಗವ್ವ, ಅಂಜಿಕಿ ಇದ್ರ ಬ್ಯಾಡ. ಎರಡೂ ಇದ್ರ ಯಾಕ ನನ್ನ ಕೇಳ್ತಿ?" ಅಂತ ನನ್ನ ಅಂಗೈ ಮೇಲೇ ಬರೆದಳು. ಎರಡೂ ಇವೆ.

ಒಂದು ಷರತ್ತು. ಅಲ್ಲಿ ಡಾಕ್ಟರು ಮಾಸ್ಕ್ ಹಾಕಿರುತ್ತಾರೆ, ಅವರ ತುಟಿ ನನಗೆ ಕಾಣುವುದಿಲ್ಲ. ಆ ಕೋಣೆಯಲ್ಲಿ ನನ್ನ ಕಿವಿ ನೀನೇ. ಮೂರನೇ ಸಲ ಅದೇ ಜಾಗ ಕೊರೆದರೆ ಏನೇನು ಆಗಬಹುದು ಅಂತ ಕೇಳು. ಅವರು ಹೇಳಿದ್ದನ್ನೆಲ್ಲ, ಒಳ್ಳೆಯದನ್ನೂ ಕೆಟ್ಟದ್ದನ್ನೂ, ನನಗೆ ಬರೆದು ತೋರಿಸು. ಅದನ್ನು ಓದಿ ಆಮೇಲೆ ನಾನು ಸಹಿ ಹಾಕುತ್ತೇನೆ. ನನಗೆ ಹತ್ತೊಂಬತ್ತು ವರ್ಷ, ಸಹಿ ನನ್ನದೇ ಬೇಕು ಅನ್ನುತ್ತಾರೆ.

ಹೊಸ ಹರಕೆ ಹೊರಬೇಡ.

ಸುಜಾತಾ

•

ರೊಳ್ಳ
14 ಜನವರಿ 2024

ಮಗಳೇ ಸುಜಾತಾ,

ಹಬ್ಬ ಇನ್ನೂ ಬಂದಿಲ್ಲ, ಆಪರೇಷನ್ ಮುಗಿಸಿ ಮನೆಯಲ್ಲಿದ್ದ ನೀನು ಹೇಳದೆ ಕೇಳದೆ ಬ್ಯಾಗು ಹಿಡಿದು ರಾಯದುರ್ಗದ ಬಸ್ಸು ಹತ್ತಿದೆ. ಹಾಲು ಹಾಕಿ ಬರುವಷ್ಟರಲ್ಲಿ ಮಂಚ ಖಾಲಿ. ಅಪ್ಪ ಆಟೋದವರೆಗೆ ಕೈ ಹಿಡಿದು ಬಿಟ್ಟುಬಂದನಂತೆ. ನಿನಗೂ ಅವನಿಗೂ ಚೆನ್ನಾಗಿ ಹೊಂದುತ್ತದೆ.

ಇರಲಿ. ಸಿಹಿ ಸುದ್ದಿ ಬರೆಯಲು ಕೂತೆ, ಬೈಗುಳ ಮೊದಲು ಬಂತು. ಆದಿಲಕ್ಷ್ಮಿಗೆ ತಾರೀಕು ಸಿಕ್ಕಿದೆ. ಬರುವ ತಿಂಗಳು ಮೊದಲನೇ ವಾರ ಈಶ್ವರನ ಆಪರೇಷನ್. ನಿನಗೆ ಯಂತ್ರ ಹಚ್ಚಿದ ದಿನ ಅವಳೂ ನಮ್ಮ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದಳಲ್ಲ, ನಾನು ಸುಜಾತಾ ಅಂದೆ, ನೀನು ತಲೆ ಆಡಿಸಿ ನಕ್ಕೆ. ಅಲ್ಲಿಗೆ ಅವಳ ಅನುಮಾನ ಎಲ್ಲ ಹೋಯಿತು. ದಾರಿಯುದ್ದಕ್ಕೂ ಮಗುವಿನ ಕಿವಿ ಸವರುತ್ತಿದ್ದಳು. ಬಸ್ಸಿನಲ್ಲಿ ನನ್ನ ಕೈ ಹಿಡಿದು "ಅಕ್ಕಾ, ನಿನ್ ಋಣ ತೀರ್ಸಾಕಾಗಲ್ಲ" ಅಂದಳು. ಊರಲ್ಲಿ ಈಗ ಮೊದಲಿನ ಹಾಗೆ ಕರೆದು ಕೂರಿಸುತ್ತಾರೆ.

ತಲೆ ತಿರುಗುವುದು ಕಡಿಮೆಯಾಯಿತೇ? ಮನೆಯಲ್ಲಿದ್ದಾಗ ಗೋಡೆ ಹಿಡಿದು ನಡೆಯುತ್ತಿದ್ದೆ. ದಿನಾ ಯಂತ್ರ ಹಾಕಿಕೋ, ಪೆಟ್ಟಿಗೆಯಲ್ಲಿ ಇಡಬೇಡ. ಅಭ್ಯಾಸ ಮಾಡದೆ ಯಾವುದೂ ಬರುವುದಿಲ್ಲ.

ಕಡಲೆಕಾಯಿ, ಎಳ್ಳು ಬೆಲ್ಲ ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ತಿನ್ನು.

ಅಮ್ಮ

•

ರಾಯದುರ್ಗ
8 ಫೆಬ್ರವರಿ 2024

ಅಮ್ಮ,

ಎಳ್ಳು ಬೆಲ್ಲ ಬಂತು. ಬಾಯಿಗೆ ಹಾಕಿಕೊಂಡರೆ ಕಬ್ಬಿಣದ ರುಚಿ. ಆಪರೇಷನ್ ಆದಾಗಿನಿಂದ ನಾಲಿಗೆಯ ಬಲಭಾಗ ಹೀಗೇ ಇದೆ. ಸುಂಕಮ್ಮಕ್ಕ ತಿಂದಳು, ಚೆನ್ನಾಗಿದೆ ಅಂತ ಹೇಳಲು ಹೇಳಿದಳು.

ನಾನು ತಲೆ ಆಡಿಸಿದ್ದು ನಿನ್ನ ತುಟಿ ನೋಡಿ.

ಮಾತು ಕೇಳುವುದಿಲ್ಲ ಅಮ್ಮ. ಮೇಜು ಬಡಿದರೆ ಒಳಗೆ ಏನೋ ಗುದ್ದುತ್ತದೆ, ಅಷ್ಟೇ. ಈಶ್ವರ ತಾಯಿಯ ಮಡಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಇಲ್ಲ ಅಂದರೆ ಅವನಿಗೆ ಬರಬೇಕಾದ ಕಿವಿ ಹೋಗುತ್ತಿತ್ತು. ಅದಕ್ಕೆ ತಲೆ ಆಡಿಸಿದೆ. ನಿನಗೆ ಅಂತ ತಿಳಿಯಬೇಡ.

ನೀನಂತೂ ನಿಜ ತಿಳಿದೇ ಇದ್ದೆ. ಹುಟ್ಟಿದಾಗಿನಿಂದ ನನ್ನನ್ನು ಹಿಂದಿನಿಂದ ಕರೆದು ಪರೀಕ್ಷೆ ಮಾಡಿದವಳು ನೀನು. ಅವತ್ತು ಯಂತ್ರ ಹಚ್ಚುವ ಅಲ್ಲಿಯ ಹುಡುಗಿ ನನ್ನ ಹಿಂದೆ ನಿಂತು ಏನೇನೋ ಕರೆದಳಂತೆ, ನಾನು ಗೋಡೆ ನೋಡುತ್ತ ಕೂತಿದ್ದೆ. ಆಗ ನೀನು ಎದ್ದು ಬಂದು ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ಬಾಯಿ ಅಗಲಿಸಿ ಹೆಸರು ಹೇಳಿದೆ. ಹಾಗೆ ನೀನು ಯಾವತ್ತೂ ಕರೆದವಳಲ್ಲ.

ಇನ್ನೊಂದು ವಿಷಯ. ಜನವರಿ ಕೊನೆಯಲ್ಲಿ ಸುಂಕಮ್ಮಕ್ಕನ ಜೊತೆ ಡಾಕ್ಟರ ಹತ್ತಿರ ಹೋಗಿದ್ದೆ. ನಾನು ಬಿದ್ದಿದ್ದೆ, ನಿನಗೆ ಹೇಳಲಿಲ್ಲ. ಬೆಳಕಿದ್ದರೆ ನಡೆಯುತ್ತೇನೆ. ಮಬ್ಬಾದರೆ ನೆಲ ಎಲ್ಲಿದೆ ಅಂತ ಕಾಲಿಗೆ ತಿಳಿಯುವುದಿಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಗೋಡೆ ಹಿಡಿಯಬೇಕು. ಮಿಷನ್ನಿನ ಮುಂದೆ ತಲೆ ಅಲುಗಿದರೆ ಸೂಜಿ ಎರಡಾಗಿ ಕುಣಿಯುತ್ತದೆ. ಒಂದು ದಿನ ಬೆರಳಿಗೇ ಹೊಲಿದುಕೊಂಡೆ. ಈಗ ನನ್ನನ್ನು ಮಿಷನ್ನಿಂದ ಎಬ್ಬಿಸಿ, ನೆಲದ ಮೇಲೆ ಕೂತು ದಾರದ ತುದಿ ಕತ್ತರಿಸುವವರ ಸಾಲಿಗೆ ಹಾಕಿದ್ದಾರೆ. ಅಲ್ಲಿರುವವರೆಲ್ಲ ಮುದುಕಿಯರು.

ಡಾಕ್ಟರು ಮಾಸ್ಕ್ ಇಳಿಸಿ, ನಿಧಾನವಾಗಿ, ನನಗೆ ಕಾಣುವ ಹಾಗೆ ಹೇಳಿದರು. ಮನುಷ್ಯ ನೆಟ್ಟಗೆ ನಿಲ್ಲುವುದು ಒಳಗಿವಿಯಿಂದ. ನನ್ನ ಎಡಗಡೆಯದು ಹುಟ್ಟಿನಿಂದಲೇ ದುರ್ಬಲ, ಇಷ್ಟು ದಿನ ಬಲಗಡೆಯದೇ ನಡೆಸುತ್ತಿತ್ತು. ಮೂರನೇ ಸಲ ಕೊರೆದಾಗ ಅದೂ ಹೋಯಿತು. ಇದು ಆಗಬಹುದು, ತಂತಿ ಹೋದರೂ ಮಾತು ತಿಳಿಯದೇ ಇರಬಹುದು ಅಂತ ಆಪರೇಷನ್ ಮುಂಚೆ ನಿಮ್ಮ ತಾಯಿಗೆ ಮೂರು ಸಲ ಹೇಳಿದೆ, ಮಗಳಿಗೆ ತಿಳಿಸಿದ್ದೇನೆ ಅಂತ ಅವರು ಅಂದಿದ್ದರು ಅಂತ ಹೇಳಿದರು.

ನೀನು ಬರೆದು ತೋರಿಸಿದ್ದು ನನ್ನ ಹತ್ತಿರ ಇಲ್ಲ, ಆದರೆ ಅದರಲ್ಲಿ ಏನಿತ್ತು ಅಂತ ನೆನಪಿದೆ. "ಸ್ವಲ್ಪ ದಿನ ತಲೆ ತಿರುಗುತ್ತದೆ, ಆಮೇಲೆ ಸರಿಹೋಗುತ್ತದೆ." ಇಷ್ಟೇ. ಅದನ್ನು ಓದಿ ನಾನು ಸಹಿ ಹಾಕಿದೆ.

ಸುಜಾತಾ

•

ರೊಳ್ಳ
21 ಮಾರ್ಚ್ 2024

ಸುಜಾತಾ,

ಡಾಕ್ಟರು ಹೇಳಿದ್ದು ನಿಜ. ನಾನು ಬರೆಯದೇ ಇದ್ದದ್ದೂ ನಿಜ. ಬರೆದಿದ್ದರೆ ನೀನು ಸಹಿ ಹಾಕುತ್ತಿದ್ದೆಯಾ? ಇಲ್ಲ. ಡಾಕ್ಟರುಗಳು ಯಾವ ಆಪರೇಷನ್ನಿಗೂ ಇದೇ ಪಾಠ ಒಪ್ಪಿಸುತ್ತಾರೆ, ಸಾಯಬಹುದು, ಕೈಕಾಲು ಬೀಳಬಹುದು ಅಂತ. ಎಲ್ಲವನ್ನೂ ಕಿವಿಗೆ ಹಾಕಿಕೊಂಡರೆ ಯಾರೂ ಏನೂ ಮಾಡಿಸುವುದಿಲ್ಲ. ನನ್ನ ಮಗಳಿಗೆ ಆಗುವುದಿಲ್ಲ ಅಂದುಕೊಂಡೆ. ಆಯಿತು. ನನಗೂ ನಿದ್ದೆ ಇಲ್ಲ. ನಿದ್ದೆ ಇಲ್ಲದ್ದನ್ನು ನಾನು ಯಾರಿಗೂ ಬರೆದು ತೋರಿಸುವುದಿಲ್ಲ.

ಎದುರಿಗೆ ಬಂದು ಕೂತದ್ದನ್ನೂ ಬರೆದಿದ್ದೀಯ. ಬೆಂಚಿನ ಮೇಲೆ ಆದಿಲಕ್ಷ್ಮಿ ಇದ್ದಳು. ನೀನು ಯಾಕೆ ತಲೆ ಆಡಿಸಿದೆಯೋ ನಾನೂ ಅದಕ್ಕೇ ಕೂತೆ. ನೀನು ಮಾಡಿದರೆ ಧರ್ಮ, ನಾನು ಮಾಡಿದರೆ ಮೋಸ. ಆಗಲಿ.

ಈಶ್ವರನ ಆಪರೇಷನ್ ಚೆನ್ನಾಗಿ ಆಯಿತು. ಯಂತ್ರ ಹಚ್ಚಿದ ದಿನ ಚಪ್ಪಾಳೆ ತಟ್ಟಿದರೆ ಬೆಚ್ಚಿ ಅತ್ತನಂತೆ. ಈಗ ತಟ್ಟೆ ಬಿದ್ದರೆ ಹುಡುಕುತ್ತಾನೆ. ನೀನು ಹೇಗೆ ಹುಡುಕುತ್ತಿದ್ದೆಯೋ ಹಾಗೇ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಆದಿಲಕ್ಷ್ಮಿ ಯುಗಾದಿ ಕಳೆದ ಮೇಲೆ ಮಗುವಿಗೆ ಮುಡಿ ಕೊಡಿಸುತ್ತಾಳಂತೆ, ಮೊದಲೇ ಹರಕೆ ಹೊತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಇಷ್ಟು ವರ್ಷ ಎಲ್ಲರಿಗೂ ನಿನ್ನ ಮೊದಲನೇ ಯಂತ್ರ ತಾನಾಗಿ ಕೆಟ್ಟಿತು ಅಂತಲೇ ಹೇಳಿದ್ದೇನೆ. ಈಗ ಹೊಸ ಕಥೆ ಹೇಳಿದರೆ ನನ್ನ ಮಾತಿನ ಮೇಲೆ ಹೋದವರೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನರಸಪ್ಪನಿಗೆ ಮೆಲ್ಲಗೆ ಮಾಡು ಅಂತ ನಾನೇ ಹೇಳುತ್ತೇನೆ, ನಾನೇ ಎದುರಿಗೆ ನಿಂತಿರುತ್ತೇನೆ. ಈಗ ಹೊಸ ಬ್ಲೇಡುಗಳು ಬಂದಿವೆ, ಕತ್ತಿ ಇಲ್ಲ. ನೀನು ಅವಳಿಗೆ ಏನನ್ನೂ ಬರೆಯಬೇಡ. ಇಷ್ಟು ಮಾತ್ರ ನಡೆಸಿಕೊಡು.

ಅಮ್ಮ

•

ರಾಯದುರ್ಗ
5 ಏಪ್ರಿಲ್ 2024

ಅಮ್ಮ,

ಬರೆಯಬೇಡ ಅಂದೆ. ಬರೆಯಲಿಲ್ಲ, ಹೋಗಿದ್ದೆ. ಮೊನ್ನೆ ಬುಧವಾರ, ಸುಂಕಮ್ಮಕ್ಕನ ಜೊತೆ.

ಆದಿಲಕ್ಷ್ಮಿ ಪಡಸಾಲೆಯಲ್ಲಿ ಮಗುವಿಗೆ ಅನ್ನ ಕಲಸುತ್ತಿದ್ದಳು. ನಾನು ಅವಳ ಎದುರಿಗೆ ಕೂತು ಕೂದಲು ಎತ್ತಿ ಕಿವಿಯ ಹಿಂದಿನ ಜಾಗ ತೋರಿಸಿದೆ. ಮೂರು ಸಲ ಹೊಲಿದ ಗುರುತನ್ನು ಅವಳ ಬೆರಳಿನಿಂದಲೇ ಮುಟ್ಟಿಸಿದೆ. ನನ್ನ ಮಾತು ಅವಳಿಗೆ ಅರ್ಧ ತಿಳಿಯಿತು, ಉಳಿದದ್ದನ್ನು ಸುಂಕಮ್ಮಕ್ಕ ಹೇಳಿದಳು. ಹರಕೆ, ನರಸಪ್ಪ ಕೇಳಿದ್ದು, ನೀನು ಅಂದದ್ದು, ಅರಿಶಿನ, ಕೀವು, ಎಲ್ಲ. ತಲೆ ಆಡಿಸಿದ್ದು ಸುಳ್ಳು ಅಂತಲೂ ಹೇಳಿದೆ. ಅವಳು ಅನ್ನದ ಕೈ ಹಾಗೇ ಹಿಡಿದು ಕೂತಿದ್ದಳು. "ಅಂಗಾರೆ ನನ್ ಮಗ್ನೂ ಇಂಗೇ ಆಯ್ತಾನಾ?" ಅಂದಳು, ಇದು ನನಗೇ ತಿಳಿಯಿತು. ಇಲ್ಲ, ಅವನಿಗೆ ಸರಿಯಾದ ವಯಸ್ಸಿಗೆ ಆಗಿದೆ, ಆ ಜಾಗಕ್ಕೆ ಯಾರೂ ಕೈ ಹಾಕದಿದ್ದರೆ ಚೆನ್ನಾಗಿ ಕೇಳುತ್ತಾನೆ ಅಂದೆ. ಅದು ಸುಳ್ಳಲ್ಲ.

ದೇವರ ಬಾಕಿ ಏನು ಮಾಡಲಿ ಅಂತ ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ತನ್ನ ತುರುಬು ಬಿಚ್ಚಿ ಕೈಯಲ್ಲಿ ಹಿಡಿದು ಏನೋ ಅಂದಳು. ಸುಂಕಮ್ಮಕ್ಕ ನನಗೆ ಬರೆದು ತೋರಿಸಿದಳು. ಮಗುವಿನ ಬದಲು ತಾನೇ ಬೋಳಿಸಿಕೊಳ್ಳುತ್ತಾಳಂತೆ, ದೇವರು ಕೂದಲು ಕೇಳಿದ್ದಾನೆಯೇ ಹೊರತು ಯಾರ ತಲೆ ಅಂತ ಕೇಳಿಲ್ಲವಂತೆ. ಇಷ್ಟು ನಿನಗೆ ಹೊಳೆಯಲಿಲ್ಲ ಅಮ್ಮ. ಆಗ ನಿನ್ನ ಕೂದಲು ಸೊಂಟದವರೆಗೆ ಇತ್ತು.

ಇನ್ನು ಮೇಲೆ ನಿನ್ನ ಹತ್ತಿರ ಯಾರೂ ಮಕ್ಕಳನ್ನು ಕರೆತರುವುದಿಲ್ಲ. ಕರೆತಂದರೆ ಇದನ್ನೂ ಸೇರಿಸಿ ಹೇಳು, ಆಗ ನಿನ್ನ ಮಾತಿನಿಂದ ನಿಜವಾಗಿ ಉಪಕಾರವಾಗುತ್ತದೆ. ಹೇಳುವುದಿಲ್ಲ ಅಂತ ನನಗೆ ಗೊತ್ತು.

ಹೊರಡುವಾಗ ಮಬ್ಬಾಗಿತ್ತು. ಸುಂಕಮ್ಮಕ್ಕ ನನ್ನ ಕೈ ಹಿಡಿದು ನಡೆಸುತ್ತಿದ್ದಳು. ಆಟೋ ನಿಲ್ಲುವ ಜಾಗಕ್ಕೆ ನಮ್ಮ ಮನೆಯ ಮುಂದೆಯೇ ಹೋಗಬೇಕು, ಬೇರೆ ದಾರಿ ಇಲ್ಲ. ನೀನು ಬಾಗಿಲಿಗೆ ಬಂದು ನಿಂತೆ. ದೀಪ ಹಿಂದೆ ಇತ್ತು, ನಿನ್ನ ಮುಖ ಕಾಣಲಿಲ್ಲ. ನೀನು ಕೂಗಿದೆ. ಕೂಗಿದೆ ಅಂತ ನನಗೆ ತಿಳಿದದ್ದು ಸುಂಕಮ್ಮಕ್ಕ ತಟ್ಟನೆ ನಿಂತದ್ದರಿಂದ. ಅವಳು ನಿನ್ನ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು, ಅವಳ ಕಣ್ಣು ತುಂಬಿತ್ತು. ನಾನು ಅವಳ ಕೈ ಎಳೆದೆ, ನಡೆದೆವು.

ನೀನು ಏನು ಅಂದೆಯೋ ಅವಳಿಗೆ ಗೊತ್ತು. ಆಟೋದಲ್ಲಿ ಹೇಳಲು ಬಂದಳು. ನಾನು ಅವಳ ಬಾಯಿಯ ಕಡೆ ನೋಡಲಿಲ್ಲ.

ಸುಜಾತಾ